ಸಮುದ್ರಕ್ಕೆ ಬೆನ್ನು ಹಾಕಿ ಕೂತ ಮೇಷ್ಟ್ರು

ನಾಲ್ಕು ದಿಕ್ಕಿಗೂ ಸಮುದ್ರವೇ ಇರುವ ಊರಿನಲ್ಲಿ ಒಬ್ಬ ಮನುಷ್ಯ ಸಮುದ್ರಕ್ಕೆ ಬೆನ್ನು ಹಾಕಿ ಕೂರಲು ಸಾಧ್ಯವೇ? ಒಂದು ಕಡೆಗೆ ಬೆನ್ನು ಹಾಕಿದರೆ ಇನ್ನೊಂದು ಕಡೆಯದು ಮುಖಕ್ಕೇ ಬಂದು ನಿಲ್ಲುವುದಿಲ್ಲವೇ? ಸಾಧ್ಯವಿದೆ ಸ್ವಾಮಿ! ನಮ್ಮ ಮೇಷ್ಟ್ರು ವರ್ಷಗಟ್ಟಲೆ ಹಾಗೇ ಕೂತಿದ್ದರು. ಗೋಡೆಯ ಕಡೆ ಮುಖ ಮಾಡಿ!

ಹೆಸರು ಹೇಳುವುದಿಲ್ಲ. ಹೇಳಿದರೆ ಅವರು ಈ ಬರಹವನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುವ ಅಪಾಯವಿದೆ. ತಿ. ನರಸೀಪುರದವರು, ಗಣಿತದ ಮೇಷ್ಟ್ರು, ವಯಸ್ಸು ಐವತ್ತರ ಆಚೆ. ಊರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸರ್ಕಾರದ ಅನುದಾನ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದು ಕಾದು, ತೊಂಬತ್ತರ ದಶಕದ ಕೊನೆಯಲ್ಲಿ ಮಾಲ್ಡೀವ್ಸಿನ ಪುಟ್ಟ ದ್ವೀಪವೊಂದರ ಶಾಲೆಗೆ ಸೇರಿದ್ದರು. ಅವರು ಹೋದ ಒಂದು ವರ್ಷಕ್ಕೆ ಅದೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ನನಗೆ ಸಿಕ್ಕಿತು. ನಾನು ನಂಜನಗೂಡಿನವನು, ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತು, ಅಮ್ಮನ ಕೈಲಿ ದಿನಕ್ಕೆರಡು ಸಲ ತಪ್ಪದೆ ಬೈಸಿಕೊಳ್ಳುತ್ತಿದ್ದವನು. ಅಲ್ಲಿ ಪಕ್ಕದ ತಾಲ್ಲೂಕಿನವರೊಬ್ಬರು ಇದ್ದಾರೆ ಎಂದು ತಿಳಿದದ್ದೇ ತಡ, ಅವರ ಮನೆ ವಿಚಾರಿಸಿಕೊಂಡು ನರಸೀಪುರದ ಬಸ್ಸು ಹತ್ತಿದೆ.

ಬಾಗಿಲು ತೆಗೆದವರು ಅವರ ಹೆಂಡತಿ. ನಾನು ವಿಷಯ ಹೇಳಿದೆ. ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಅಯ್ಯೋ, ನೀನೂ ಓಯ್ತಾ ಇದ್ದೀಯಾ? ಕೂತ್ಕೊಳಪ್ಪಾ, ಕಾಪಿ ಕುಡಿ" ಎಂದರು. ಅದು ಸಂತಾಪದ ದನಿಯಂತಿತ್ತು.

"ಸಾರ್ ಹೇಗಿದ್ದಾರಂತೆ ಅಮ್ಮ?"

"ಕಾಗ್ದ ಬರೀತಾರೆ. ನಾನು ಬರೆದಿದ್ದಕ್ಕೆ ಮಾರ್ಕ್ಸ್ ಆಕಿ ಕಳ್ಸ್ತಾರೆ."

"ಮಾರ್ಕ್ಸಾ?"

ಆಕೆ ಒಳಗೆ ಹೋಗಿ ಒಂದು ಕಾಗದ ತಂದರು. ಆಕೆಯ ಕೈಬರಹದ ತುಂಬ ಕೆಂಪು ಗೆರೆಗಳು. ಎಲ್ಲಿ ಹಕಾರ ಬಿಟ್ಟಿದೆ, ಎಲ್ಲಿ ಒತ್ತಕ್ಷರ ತಪ್ಪಿದೆ, ಎಲ್ಲ ಗುರುತಾಗಿತ್ತು. ಕೊನೆಯಲ್ಲಿ ವೃತ್ತದೊಳಗೆ ಹತ್ತಕ್ಕೆ ಮೂರು. ಕೆಳಗೆ ಷರಾ: "ಇನ್ನೂ ಪ್ರಯತ್ನ ಬೇಕು."

ನನಗೆ ಸಿಟ್ಟೇ ಬಂತು. ಕಟ್ಟಿಕೊಂಡ ಹೆಂಡತಿಯ ಪತ್ರಕ್ಕೆ ಹೀಗೂ ಮಾಡುವವರುಂಟೇ? ಆದರೆ ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. "ಓದ್ಸಲ ಎರಡು ಕೊಟ್ಟಿದ್ರು. ಈಗ ವಾಸಿ!" ಎಂದವರೇ, ಐದು ಕೆಜಿ ರಾಗಿಹಿಟ್ಟಿನ ಚೀಲವನ್ನು ನನ್ನ ಮಡಿಲಿಗೆ ಹಾಕಿದರು. "ಒಸಿ ತಲುಪುಸ್ಬುಡಪ್ಪ. ಅಲ್ಲಿ ಬರೀ ಮೀನಂತೆ. ಇವ್ರು ಮೊಟ್ಟೇನೂ ಮುಟ್ಟೋರಲ್ಲ."

ಆ ಚೀಲ ನನ್ನನ್ನು ಜೈಲಿಗೆ ಕಳಿಸುವುದರಲ್ಲಿತ್ತು. ಮಾಲ್ಡೀವ್ಸಿನ ವಿಮಾನ ನಿಲ್ದಾಣದ ಅಧಿಕಾರಿ ಚೀಲ ಬಿಚ್ಚಿದ, ಮೂಸಿದ, ಬೆರಳಲ್ಲಿ ಉಜ್ಜಿದ, ನನ್ನ ಮುಖ ನೋಡಿದ. ಬೂದು ಬಣ್ಣದ ಐದು ಕೆಜಿ ಪುಡಿ! ಊಟ ಎಂದೆ. ನಂಬಲಿಲ್ಲ. ವಿಧಿಯಿಲ್ಲದೆ ಒಂದು ಮುಷ್ಟಿ ಹಿಟ್ಟನ್ನು ಹಾಗೇ ಬಾಯಿಗೆ ಸುರಿದುಕೊಂಡೆ. ಅದು ಗಂಟಲಲ್ಲಿ ಕೂತು, ಕೆಮ್ಮು ಬಂದು, ಅರ್ಧ ಹಿಟ್ಟು ಅವನ ಬಿಳಿ ಸಮವಸ್ತ್ರದ ಮೇಲೆ ಹಾರಿತು. ಇಂಥದ್ದನ್ನು ಯಾರೂ ಸಂತೋಷಕ್ಕಾಗಿ ಸೇವಿಸಲಾರರು ಎಂದು ಅವನಿಗೆ ಮನವರಿಕೆಯಾಗಿರಬೇಕು. ಬಿಟ್ಟುಬಿಟ್ಟ.

ದೋಣಿ ದ್ವೀಪ ಮುಟ್ಟಿದಾಗ ಜೆಟ್ಟಿಯ ಮೇಲೆ ಮೇಷ್ಟ್ರು ಕೊಡೆ ಹಿಡಿದು ನಿಂತಿದ್ದರು. ನಾನು ಸಮುದ್ರಯಾನದಲ್ಲಿ ವಾಂತಿ ಮಾಡಿ ಮಾಡಿ ಹಿಂಡಿದ ಬಟ್ಟೆಯಂತಾಗಿದ್ದೆ. ನಾನು ಬರುವ ಸುದ್ದಿ ಹೆಂಡತಿಯ ಕಾಗದದಲ್ಲಿ ಮೊದಲೇ ತಲುಪಿತ್ತು. ಹೇಗಿದ್ದೀಯ ಎನ್ನಲಿಲ್ಲ, ಹೆಸರೇನು ಎನ್ನಲಿಲ್ಲ.

"ಏನಯ್ಯಾ ನಂಜನಗೂಡು, ಅಸಿಟ್ಟು ಎಲ್ಲಯ್ಯಾ?"

ಚೀಲ ಕೊಟ್ಟೆ. ಕೈಯಲ್ಲೇ ತೂಗಿ ನೋಡಿದರು. "ಕಡ್ಮೆ ಅದಲ್ಲಾ?"

"ಒಂದು ಮುಷ್ಟಿ ತಿಂದು ತೋರಿಸಬೇಕಾಯಿತು ಸಾರ್."

"ಅಂಗಾ? ಇಲ್ಲಿ ವಾರಕ್ಕೊಂದೇ ಮುದ್ದೆ. ಬರೋ ಸೋಮವಾರ ನಿಂಗೆ ಕಟ್!"

ಅವತ್ತಿನಿಂದ ನನ್ನ ಹೆಸರೇ ನಂಜನಗೂಡು ಎಂದಾಯಿತು. ಒಂದೇ ಕೋಣೆಯಲ್ಲಿ ಎರಡು ಮಂಚ, ಒಂದು ಸೀಮೆಎಣ್ಣೆ ಸ್ಟೌ. ದ್ವೀಪವೋ, ಈ ಕೊನೆಯಲ್ಲಿ ಸೀನಿದರೆ ಆ ಕೊನೆಯಲ್ಲಿ ಕೇಳಿಸುವಷ್ಟು ದೊಡ್ಡದು! ಶಾಲೆ ಬಿಟ್ಟ ಮೇಲೆ ಮಾಡುವುದೇನು? ಉಳಿದ ಮೇಷ್ಟ್ರುಗಳೆಲ್ಲ ಮರಳ ಮೇಲೆ ಕೂತು ಸೂರ್ಯಾಸ್ತ ನೋಡುತ್ತಿದ್ದರು. ನಮ್ಮವರು ಮಾತ್ರ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂರುತ್ತಿದ್ದರು.

"ಸಾರ್, ಇಲ್ಲಿನ ಸಮುದ್ರ ನೋಡೋಕೆ ಜನ ದುಡ್ಡು ಕೊಟ್ಟು ಬರ್ತಾರೆ."

"ಬರ್ಲಿ ಬುಡು. ನಮ್ಮೂರಲ್ಲಿ ಕಾವೇರಿ ಬತ್ತಾಳೆ, ಕಪಿಲೆ ಬತ್ತಾಳೆ, ಇಬ್ರೂ ಸೇರ್ಕಂಡು ಮುಂದಕ್ಕೆ ಓಯ್ತಾರೆ. ನೀರು ಅಂದ್ರೆ ಅದು. ಎತ್ಲಾಗೂ ಓಗ್ದೆ ನಿಂತಲ್ಲೇ ಬಡ್ಕೊಳೋ ಇದನ್ನ ಏನಯ್ಯಾ ನೋಡೋದು?" ಕುರ್ಚಿಯಲ್ಲೇ ನನ್ನ ಕಡೆ ತಿರುಗಿ ಸೇರಿಸಿದರು: "ಅಲ್ಲಯ್ಯಾ, ನಂಜನಗೂಡಿನೋರು ನೀವು ಮುಖ ತೊಳೆದ್ ನೀರೇ ನಮ್ಮೂರಿಗೆ ಬರೋದು. ಅದ್ನೇ ಕುಡ್ದು ಬೆಳ್ದೋನು ನಾನು. ನಿನ್ ಮೇಲೆ ನಂಗೆ ಅಕ್ಕು ಅದೆ. ಏಳು, ಪಾತ್ರೆ ತೊಳಿ."

ನಾನು ಬಂದು ಎರಡು ತಿಂಗಳಾಗಿರಬೇಕು, ಸಂಜೆಯ ವಾಯುವಿಹಾರಕ್ಕೆ ನನ್ನನ್ನೂ ಕರೆದರು. ಇಪ್ಪತ್ತೇ ನಿಮಿಷಕ್ಕೆ ದ್ವೀಪಕ್ಕೆ ಒಂದು ಸುತ್ತು ಮುಗಿಯುತ್ತಿತ್ತು. ಜೆಟ್ಟಿಯ ಹತ್ತಿರ ಬಂದಾಗ ಮೇಷ್ಟ್ರು ಇದ್ದಕ್ಕಿದ್ದಂತೆ ಗಂಟಲು ಏರಿಸಿದರು: "ವರುಣಾ, ವರುಣಾ! ಇಳಿಯೋರು ಬೇಗ ಬೇಗ ಇಳೀರಿ!"

ನಾನು ಬೆಚ್ಚಿ ಸುತ್ತ ನೋಡಿದೆ. ಇಳಿಯಲು ಒಂದು ಕಡಲಕಾಗೆಯೂ ಇರಲಿಲ್ಲ. ಆಮೇಲೆ ತಿಳಿಯಿತು, ನಾವು ನಡೆಯುತ್ತಿದ್ದದ್ದು ಮರಳಿನಲ್ಲಲ್ಲ. ಮೈಸೂರಿನಿಂದ ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿದ್ದೆವು! ಶಾಲೆಯ ಗೇಟು ಮೈಸೂರು. ಜೆಟ್ಟಿ ವರುಣ. ಮೀನು ಒಣಗಿಸುವ ಜಾಗ ಗರ್ಗೇಶ್ವರಿ. ನಮ್ಮ ಕೋಣೆಯ ಮುಂದಿನ ತೆಂಗಿನ ಮರ ನರಸೀಪುರದ ಬಸ್ ಸ್ಟ್ಯಾಂಡು. ಒಂದು ದಿನ ಅವರ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಕೂಡಲೇ ಸೀಟಿ ಊದಿ, "ಗಾಡಿ ಪಂಚರ್ರು, ಎಲ್ರೂ ಇಳ್ಕಳಿ" ಎಂದು ನನ್ನನ್ನು ಬಿಸಿಲಲ್ಲಿ ಕಾಲು ಗಂಟೆ ನಿಲ್ಲಿಸಿದರು. ಇನ್ನೊಂದು ದಿನ ನಾನು, "ಸಾರ್, ದಿನಾ ನಿಮ್ಮೂರಿಗೇ ಯಾಕೆ? ಒಂದಿನ ನಂಜನಗೂಡಿಗೆ ಹೋಗೋಣ" ಎಂದೆ. ಕಂಡಕ್ಟರ್ ಸಾಹೇಬರು ನನ್ನನ್ನು ಕನಿಕರದಿಂದ ನೋಡಿ, "ಆ ರೂಟು ಕ್ಯಾನ್ಸಲ್ ಆಗದೆ" ಎಂದರು.

ನಗುತ್ತಿದ್ದೆ, ನಿಜ. ಆದರೆ ಪ್ರತಿ ಸಂಜೆ ತೆಂಗಿನ ಮರದ ಬುಡಕ್ಕೆ ಬಂದು, "ನರಸೀಪುರ, ನರಸೀಪುರ!" ಎಂದು ಕೂಗಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಬಸ್ಸಿನಿಂದ ಇಳಿದವರು ಯಾವ ಬೀದಿಗೆ ತಿರುಗಬೇಕೆಂದು ಮರೆತು ನಿಲ್ಲುತ್ತಾರಲ್ಲ, ಹಾಗೆ. ಆ ಹೊತ್ತಿನಲ್ಲಿ ಅವರ ಮುಖವನ್ನು ನಾನು ನೋಡುತ್ತಿರಲಿಲ್ಲ. ನೋಡಿದರೆ ನನ್ನ ಮುಖವೂ ಅವರಿಗೆ ಕಾಣುತ್ತಿತ್ತಲ್ಲ!

ಟಪಾಲು ದೋಣಿ ಬರುವುದು ಹದಿನೈದು ದಿನಕ್ಕೊಮ್ಮೆ. ಒಂದು ಸಲ ಬಂದ ಕಾಗದ ಒಡೆದವರು ಮಂಚದ ಮೇಲೆ ಕುಕ್ಕರಿಸಿದರು. ಏನಾಯಿತೋ ಎಂದು ಓಡಿಹೋಗಿ ನೋಡಿದರೆ, ಅದು ಅವರೇ ಬರೆದಿದ್ದ ಪತ್ರ! "ನಾನು ಕ್ಷೇಮ. ಹವೆ ಚೆನ್ನಾಗಿದೆ. ಆರೋಗ್ಯ ನೋಡಿಕೊಳ್ಳುವುದು." ಅದರ ಕೆಳಗೆ ಹೆಂಡತಿ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದಿದ್ದರು: "ತಪ್ಪು ಒಂದೂ ಇಲ್ಲ. ಇಸಯಾನೂ ಒಂದೂ ಇಲ್ಲ. ಹತ್ತಕ್ಕೆ ಸೊನ್ನೆ."

ನಾನು ಬಿದ್ದು ಬಿದ್ದು ನಕ್ಕೆ. ಮೇಷ್ಟ್ರು ನಗಲಿಲ್ಲ. ಮುಂದಿನ ರಜೆಯ ದಿನ ಬೆಳಗಿನಿಂದ ಸಂಜೆಯವರೆಗೆ ಕೂತು ಏಳು ಪುಟ ಬರೆದರು. ಲಕೋಟೆ ಅಂಟಿಸುವ ಮುಂಚೆ, "ಇದಕ್ಕೆ ಪಾಸ್ ಮಾರ್ಕ್ಸಾದ್ರೂ ಕೊಡ್ತಾಳೆ ಅಂತೀಯಾ?" ಎಂದು ಕೇಳಿದರು. ಕೆಂಪು ಪೆನ್ನು ಅವತ್ತಿನಿಂದ ಮಕ್ಕಳ ನೋಟ್‌ಬುಕ್ಕುಗಳಿಗೆ ಮಾತ್ರ ಮೀಸಲಾಯಿತು.

ಅದೇ ವರ್ಷದ ಮಳೆಗಾಲದಲ್ಲಿ ಶಾಲೆಯ ಆಫೀಸಿಗೆ ನನಗೊಂದು ಫೋನು ಬಂತು. ತಮ್ಮ. ಅಮ್ಮ ಬೆಳಿಗ್ಗೆ ಒಲೆ ಹಚ್ಚಲು ಕೂತವಳು ಹಾಗೇ ಪಕ್ಕಕ್ಕೆ ವಾಲಿದಳಂತೆ. ಮೂರು ದಿನದಿಂದ ಲೈನು ಸಿಕ್ಕಿರಲಿಲ್ಲವಂತೆ. "ಎಲ್ಲಾ ಮುಗೀತು ಕಣಣ್ಣ. ಕಪಿಲೆ ದಂಡೇಲೇ ಮಾಡಿದ್ವಿ. ನೀನು ಇನ್ ಬಂದೂ ಏನೂ ಇಲ್ಲ" ಎಂದ. ಬರುತ್ತೇನೆಂದರೂ ಹೇಗೆ? ಸಮುದ್ರ ಕೆರಳಿ ದೋಣಿಗಳೆಲ್ಲ ನಿಂತುಹೋಗಿದ್ದವು.

ಕೋಣೆಗೆ ಬಂದು ಮಂಚದ ಮೇಲೆ ಕೂತೆ. ಅಳು ಬರಲಿಲ್ಲ. ಮೇಷ್ಟ್ರು ಶಾಲೆಯಿಂದ ಬಂದರು. ವಿಷಯ ಅವರಿಗೆ ಆಗಲೇ ಗೊತ್ತಾಗಿತ್ತು. ಬಕೆಟ್ಟಿನಲ್ಲಿ ನೀರು ತಂದರು, ಸ್ಟೂಲು ಹಾಕಿದರು, ತಮ್ಮ ಶೇವಿಂಗ್ ಸೆಟ್ಟಿಗೆ ಹೊಸ ಬ್ಲೇಡು ಹಾಕಿದರು.

"ಬಾ, ಕೂತ್ಕೊ. ಯಾವೂರಲ್ಲಿದ್ರೂ ಎತ್ತವ್ಳಿಗೆ ತಲೆ ಕೊಡ್ಬೇಕಲ್ಲಯ್ಯಾ."

ಕೂತೆ. ಮೊದಲು ಕತ್ತರಿ, ಆಮೇಲೆ ಬ್ಲೇಡು. ಲೆಕ್ಕ ಹೇಳಿಕೊಡುವಾಗ ಮಕ್ಕಳ ಮೇಲೆ ರೇಗುತ್ತಿದ್ದ ಮನುಷ್ಯ, ಒಂದು ಗೀರೂ ಬೀಳದಂತೆ, ಎಡಗೈಯಲ್ಲಿ ನನ್ನ ಗಲ್ಲ ಹಿಡಿದು, ಹಸುಗೂಸಿಗೆ ಮಾಡುವಂತೆ ಮಾಡಿದರು. ತಲೆಗೆ ನೀರು ಸುರಿದಾಗ ನನಗೆ ಅಳು ಬಂತು. ಅವರು ನೀರು ಸುರಿಯುತ್ತಲೇ ಇದ್ದರು, ಯಾವುದು ನೀರು ಯಾವುದು ಕಣ್ಣೀರು ಗೊತ್ತಾಗದಂತೆ.

ಅದಾದ ಮೇಲೆ ನನ್ನನ್ನು ಎಬ್ಬಿಸಿ, ಅದೇ ಸ್ಟೂಲಿನ ಮೇಲೆ ತಾವು ಕೂತರು. ಬ್ಲೇಡು ನನ್ನ ಕೈಗೆ ಕೊಟ್ಟರು.

"ಈಗ ನಂದು ಮಾಡು."

"ಸಾರ್, ನಿಮಗ್ಯಾಕೆ?"

ಅವರು ನನ್ನ ಕಡೆ ತಿರುಗಲಿಲ್ಲ. "ನಾನು ಬಂದ ಮೊದಲ್ನೇ ವರ್ಸ ನಮ್ಮವ್ವ ಓಗ್ಬುಟ್ಲು. ನಂಗೆ ಗೊತ್ತಾಗೋ ಒತ್ಗೆ ಅಲ್ಲಿ ತಿಥೀನೂ ಆಗೋಗಿತ್ತು. ಇಲ್ಲಿ ಕನ್ನಡ ಮಾತಾಡೋ ಒಂದ್ ನರಪಿಳ್ಳೆ ಇಲ್ಲ, ಯಾರ್ಗೆ ಯೋಳ್ಳಿ? ಕನ್ನಡಿ ಮುಂದೆ ಕೂತ್ಕಂಡು ನಾನೇ ಮಾಡ್ಕಂಡೆ. ಮುಂದ್ಗಡೆ ಆಯ್ತು. ಇಂದ್ಗಡೆ ಕೈ ಎಟುಕ್ಲಿಲ್ಲ ಕಣಯ್ಯಾ. ಒಂದ್ ತಿಂಗ್ಳು ಟೋಪಿ ಆಕ್ಕಂಡು ಪಾಟ ಮಾಡ್ದೆ." ತಲೆ ಬಗ್ಗಿಸಿದರು. "ಅರ್ಧಕ್ಕೇ ನಿಂತೋಗದೆ. ನೀನು ಪೂರ್ತಿ ಮಾಡ್ಬುಡು."

ಒಂದು ಕೂದಲೂ ಉದುರದ, ದಿನಾ ಎಣ್ಣೆ ಹಚ್ಚಿ ಬಾಚುತ್ತಿದ್ದ ತಲೆ ಅದು. ಹಿಂದಿನ ಭಾಗಕ್ಕೆ ಬಂದಾಗ ಅವರ ಹೆಗಲು ಅಲುಗಿದವು. ನಾನು ಬ್ಲೇಡು ಎತ್ತಿ ಹಿಡಿದು ಕಾದೆ. ಅಲುಗಾಟ ನಿಂತ ಮೇಲೆ ಮುಂದುವರಿಸಿದೆ.

ಮಾರನೆಯ ಬೆಳಿಗ್ಗೆ ಪ್ರಾರ್ಥನೆಗೆ ಇಬ್ಬರೂ ಅಕ್ಕಪಕ್ಕ ನಿಂತೆವು. ಹೆಡ್‌ಮಾಸ್ಟರು ಆ ದ್ವೀಪದವರೇ, ಬಹಳ ಒಳ್ಳೆಯ ಮನುಷ್ಯ. ನನ್ನ ಕೈ ಹಿಡಿದು ದುಃಖ ಹೇಳಿದರು. ಆಮೇಲೆ ನನ್ನ ತಲೆ ನೋಡಿದರು, ಮೇಷ್ಟ್ರ ತಲೆ ನೋಡಿದರು, ಅರ್ಥವಾಗದೆ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು: "ತೀರಿಕೊಂಡದ್ದು ಎಷ್ಟು ಜನ ತಾಯಂದಿರು?"

"ಇಬ್ಬರು ಸಾರ್" ಎಂದರು ಮೇಷ್ಟ್ರು. "ನಮ್ಮಮ್ಮನದು ಸ್ವಲ್ಪ ತಡವಾಯಿತು."