ಕನ್ನಡಕ ಹಣೆಯ ಮೇಲಿದೆ

ಹೊಸ ಯಂತ್ರ ಬಂದಾಗ ಆಫೀಸಿನ ಜನ ಅದನ್ನು ಹೇಗೆ ಕಲಿಯುತ್ತಾರೆ ಎಂಬುದು ನನ್ನ ಸಂಶೋಧನೆ. ಹದಿನೆಂಟು ವರ್ಷದಿಂದ ಇದೇ ಕೆಲಸ. (ಹೆಂಡತಿಯ ಪ್ರಕಾರ, ‘ಬೇರೆಯವರು ಕೆಲಸ ಮಾಡೋದನ್ನ ಕೂತು ನೋಡೋ ಕೆಲಸ’.) ಮೂರು ಪ್ರಬಂಧಗಳು ವಾಪಸ್ಸು ಬಂದಿದ್ದವು. ನಾಲ್ಕನೆಯದೂ ಬಿದ್ದರೆ ನನ್ನ ವಿಭಾಗವನ್ನೇ ಮುಚ್ಚುವುದಾಗಿ ಪ್ರಿನ್ಸಿಪಾಲರು ಹೇಳಿದ್ದರು. ವಿಭಾಗವೆಂದರೆ ನಾನು ಮತ್ತು ಒಂದು ಬೀರು.

ಅಷ್ಟರಲ್ಲಿ ಹೊಡೆಯಿತು ಲಾಟರಿ. ನನ್ನ ಹೆಂಡತಿ ಆಸ್ಪತ್ರೆಯೊಂದರ ದಾಖಲೆ ವಿಭಾಗದ ಮುಖ್ಯಸ್ಥೆ. ಅಲ್ಲಿಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂದಿತ್ತು. ಬೇರೆ ಆಸ್ಪತ್ರೆಗಳವರು ಆರು ತಿಂಗಳಾದರೂ ತಲೆ ಚಚ್ಚಿಕೊಳ್ಳುತ್ತಿದ್ದರೆ, ಇವಳ ಕೈಕೆಳಗಿನ ಒಂಬತ್ತು ಮಂದಿ ಎರಡೇ ವಾರದಲ್ಲಿ ನೀರು ಕುಡಿದಷ್ಟು ಸಲೀಸಾಗಿ ಕಲಿತುಬಿಟ್ಟಿದ್ದರು. ಸುದ್ದಿ ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

“ಏನೇ, ನಿಮ್ಮವರು ಅದು ಹೇಗೆ ಕಲಿತ್ರು?”

“ಕಲಿತ್ರು ಅಷ್ಟೆ. ಆ ಬಟಾಣಿ ಸುಲಿದು ಕೊಡಿ.”

ಇವಳಿಗೇ ಆ ಕಂಪ್ಯೂಟರ್ ನೆಟ್ಟಗೆ ಬರುವುದಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿದ್ದ ಗುಟ್ಟು. ಅಭ್ಯಾಸಕ್ಕೆಂದು ಕೊಟ್ಟ ಲ್ಯಾಪ್‌ಟಾಪನ್ನು ಆ ಎರಡು ವಾರ ದಿನಾ ಸಂಜೆ ಮನೆಗೆ ತಂದು, “ರೀ, ಇದು ನನಗೆ ತಿಳೀತಾ ಇಲ್ಲ, ನೀವೇ ಒಂಚೂರು ಒತ್ತಿ ನೋಡಿ” ಎನ್ನುತ್ತಿದ್ದಳು. ನಾನು ಎಡವಿ ತಡವಿ ಹೇಗೋ ಮಾಡಿ ತೋರಿಸುತ್ತಿದ್ದೆ. ಪಾಪ, ಪಕ್ಕದಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಒಂದು ತಿಂಗಳು ಅವಳ ಆಫೀಸಿನಲ್ಲೇ ಠಿಕಾಣಿ ಹೂಡಿದೆ. ಯಾರನ್ನು ಕೇಳಿದರೂ ಮುಸಿಮುಸಿ ನಕ್ಕು, “ಮೇಡಂ ನೋಟ್‌ಬುಕ್ ನೋಡಿ ಕಲಿತ್ವಿ ಸರ್” ಎನ್ನುತ್ತಿದ್ದರು. ಅಂದರೆ ಮೂಲಗುರು ನಾನೇ. ನೋಟ್‌ಬುಕ್ ತೆರೆದು ನೋಡುವ ಅಗತ್ಯವೂ ಕಾಣಲಿಲ್ಲ. (ನನ್ನ ಪಾಠ ನನಗೆ ಗೊತ್ತಿಲ್ಲವೇ?) ಆ ಅಮೃತವಾಣಿಯ ಮಹಿಮೆ ಕುರಿತು ನಲವತ್ತು ಪುಟ ಬರೆದೆ.

ಸಮ್ಮೇಳನದ ದಿನ ಸಭಾಂಗಣ ಕಿಕ್ಕಿರಿದಿತ್ತು. ಪ್ರಿನ್ಸಿಪಾಲರು ಮೊದಲ ಸಾಲಿನಲ್ಲಿ, ಹೆಂಡತಿ ಎರಡನೆಯದರಲ್ಲಿ. “ಈಗ ಆ ಮಹಾಗ್ರಂಥದಿಂದ ಕೆಲವು ಸಾಲು” ಎಂದು ಅವಳ ಆಫೀಸಿನ ಗುಮಾಸ್ತೆಯನ್ನು ವೇದಿಕೆಗೆ ಕರೆದೆ. ಆಕೆ ನನ್ನ ಹೆಂಡತಿಯತ್ತ ನೋಡಿದಳು. ಹೆಂಡತಿ ಓದೆಂದು ತಲೆಯಾಡಿಸಿದಳು.

“ಒಂದು. ಪರದೆ ಮಂಜಾಗಿ ಕಂಡರೆ ಕಂಪ್ಯೂಟರ್ ಕೆಟ್ಟಿಲ್ಲ. ಕನ್ನಡಕ ಹಣೆಯ ಮೇಲಿದೆ, ಇಳಿಸಿಕೊಳ್ಳಿ. ಎರಡು. ‘ಸೇವ್’ ಒಂದು ಸಲ ಒತ್ತಿದರೆ ಸಾಕು. ಸಿಟ್ಟಿನಲ್ಲಿ ಹನ್ನೊಂದು ಸಲ ಒತ್ತಿದರೆ ಒಬ್ಬ ರೋಗಿ ಹನ್ನೊಂದು ಜನ ಆಗುತ್ತಾನೆ. ಮೂರು. ಏನೂ ಆಗದಿದ್ದರೆ ವಿಜ್ಞಾನವನ್ನು ಬೈಯಬೇಡಿ, ಪ್ಲಗ್ ನೋಡಿ.”

ಸಭೆ ಗೊಳ್ಳೆಂದಿತು. ನನ್ನ ಕೈ ತಾನಾಗಿಯೇ ಹಣೆಗೆ ಹೋಯಿತು. ಕನ್ನಡಕ ಅಲ್ಲೇ ಇತ್ತು.

“ಯಾರನ್ನ ನೋಡಿ ಬರೆದದ್ದಮ್ಮ ಇದು?” ಎಂದರು ಪ್ರಿನ್ಸಿಪಾಲರು.

“ಪ್ರತಿ ಪಾಠಾನೂ ಮೇಡಂ ಮೊದಲು ಮನೇಲಿ ಸರ್ ಮೇಲೆ ಪ್ರಯೋಗ ಮಾಡ್ತಿದ್ರು. ಸರ್ ಎಲ್ಲೆಲ್ಲಿ ತಪ್ಪಿದ್ರೋ ಅದೆಲ್ಲ ಇದರಲ್ಲಿದೆ. ಅವರು ಮಾಡದೇ ಇರೋ ತಪ್ಪನ್ನ ಇನ್ಯಾರೂ ಮಾಡೋಕಾಗಲ್ಲ ಅಂತಾರೆ ಮೇಡಂ.”

ವಿಭಾಗ ಉಳಿಯಿತು. ಪ್ರಬಂಧವೂ ಅಚ್ಚಾಯಿತು, ಪ್ರಿನ್ಸಿಪಾಲರ ಸಲಹೆಯಂತೆ ಸಣ್ಣದೊಂದು ತಿದ್ದುಪಡಿಯೊಂದಿಗೆ. ಲೇಖಕಿ ನನ್ನ ಹೆಂಡತಿ. ಹಾಗೆಂದು ನನ್ನನ್ನು ಕೈಬಿಟ್ಟಿಲ್ಲ. ಎರಡನೆಯ ಪುಟದ ಕೆಳಗೆ ಇದ್ದೇನೆ: ‘ಪ್ರಯೋಗಕ್ಕೆ ಒಳಗಾದವರು: ಒಬ್ಬರು. ಪುರುಷ, ಐವತ್ತೆರಡು ವರ್ಷ. ಈವರೆಗೆ ಕಲಿಕೆಯ ಲಕ್ಷಣ ಕಂಡುಬಂದಿಲ್ಲ.’