ಭಾವನ ಬಟ್ಟೆ ಕೋಣೆಯ ಬೇಸಾಯ

ನಮ್ಮ ಭಾವ ಮನೆಯೊಳಗೆ ಗಾಂಜಾ ಬೆಳೆದಿದ್ದಾರೆ! ಗಾಬರಿಯಾಗಬೇಡಿ. ಅಡಿಕೆ ಚೂರು ಬಾಯಿಗೆ ಹಾಕಿಕೊಂಡರೂ ತಲೆ ಸುತ್ತಿ ಗೋಡೆ ಹಿಡಿದುಕೊಳ್ಳುವ ಮನುಷ್ಯ ಅವರು. ಸಂಜೆ ನಾಲ್ಕರ ನಂತರ ಕಾಫಿ ಕುಡಿದರೆ ನಿದ್ದೆ ಬರುವುದಿಲ್ಲವೆಂದು ಹಾಲಿಗೆ ಡಿಕಾಕ್ಷನ್ನಿನ ಪಾತ್ರೆಯನ್ನು ತೋರಿಸಿ ಕುಡಿಯುತ್ತಾರೆ. ಇಂಥವರು ಗಾಂಜಾ ಕೃಷಿಕರಾದದ್ದು ನಮ್ಮ ಅಕ್ಕನಿಗಾಗಿ.

ಕಳೆದ ವರ್ಷ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು, ಕೀಮೋ ಶುರುವಾಯಿತು. ನಾನು ಸಿಯಾಟಲ್ ಬಳಿಯ ರೆಡ್ಮಂಡಿನ ನನ್ನ ಅಪಾರ್ಟ್‌ಮೆಂಟಿಗೆ ಬೀಗ ಹಾಕಿ ಮಿಲ್ ಕ್ರೀಕಿನ ಅವರ ಮನೆಗೆ ಬಂದು ಕೂತೆ. ಅಕ್ಕನಿಗೆ ಅನ್ನ ಕಂಡರೆ ವಾಕರಿಕೆ, ನೀರು ಕಂಡರೆ ವಾಕರಿಕೆ. ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಮಾತ್ರೆಗಳು ನಾಟದೆ ಹೋದಾಗ ಡಾಕ್ಟರಮ್ಮ ಗಾಂಜಾ ಪ್ರಯೋಗಿಸಿ ನೋಡಬಹುದು ಎಂದರು. ಭಾವ ಕುರ್ಚಿಯಿಂದ ಅರ್ಧ ಎದ್ದರು!

ಈ ರಾಜ್ಯದಲ್ಲಿ ಅದು ಅಂಗಡಿಯಲ್ಲೇ ಸಿಗುತ್ತದೆ. ಸರಿ, ಭಾವ ಟೋಪಿ ಹಾಕಿ, ಮಾಸ್ಕ್ ಕಟ್ಟಿ, ಮೋಡದ ದಿನದಲ್ಲಿ ಕಪ್ಪು ಕನ್ನಡಕ ಏರಿಸಿ ಹೊರಟರು. ಅಂಗಡಿಯ ಬಾಗಿಲಲ್ಲಿ ಅದೇ ವೇಷದಲ್ಲಿ ಎದುರಾದವರು ಯಾರು? ನಮ್ಮ ಭಜನಾ ಮಂಡಳಿಯ ಹಿರಿಯರು!

"ಓಹೋ, ನೀವಿಲ್ಲಿ?"

"ಟಾಯ್ಲೆಟ್ ಇದೆಯಾ ಕೇಳೋಣ ಅಂತ ಬಂದೆ ಸಾರ್. ನೀವು?"

"ನಾನೂ ಅದಕ್ಕೇ!"

ಇಬ್ಬರೂ ಒಳಗೆ ಕಾಲಿಡದೆ, ಅತ್ಯಂತ ಅವಸರದಲ್ಲಿರುವವರಂತೆ ತಮ್ಮ ತಮ್ಮ ಕಾರು ಹತ್ತಿದರು.

"ನಾನು ತಂದುಕೊಡ್ತೀನಿ ಬಿಡಿ ಭಾವ," ಎಂದೆ.

"ಬೇಡಮ್ಮ. ಮನೇಲೇ ಬೆಳೀತೀನಿ," ಎಂದರು. ಅಕ್ಕ ಸೋಫಾದಿಂದ ಕಣ್ಣು ತೆರೆದು, "ಇವರು ಪುದೀನ ಸಾಯಿಸಿದವರು ಕಣೇ," ಎಂದಳು.

ಡಾಕ್ಟರು ಬರೆದುಕೊಟ್ಟು ಹೆಸರು ನೋಂದಾಯಿಸಿದರೆ ರೋಗಿಯ ಮನೆಯಲ್ಲಿ ಕೆಲವು ಗಿಡ ಬೆಳೆಸಲು ಇಲ್ಲಿ ಕಾನೂನೇ ಒಪ್ಪುತ್ತದೆ. ಅದೆಲ್ಲವನ್ನೂ ಭಾವ ಶ್ರದ್ಧೆಯಿಂದ ಮುಗಿಸಿದರು. ಮಹಡಿಯ ಬಟ್ಟೆ ಕೋಣೆಗೆ ಕಪ್ಪು ಬಕೆಟ್ಟುಗಳು ಬಂದವು, ಗುಳುಗುಳು ಎನ್ನುವ ಪಂಪು ಬಂತು, ಸೂರ್ಯನನ್ನು ನಾಚಿಸುವ ದೀಪ ಬಂತು. ಮಣ್ಣು ಮಾತ್ರ ಬರಲಿಲ್ಲ.

"ಮಣ್ಣಿಲ್ದೆ ಅದು ಹೇಗೆ ಬೆಳೆಯುತ್ತೆ ಭಾವ?"

"ಬೇರು ನೀರಲ್ಲೇ ಇರುತ್ತೆ. ಊಟ ನೀರಿಗೆ ಬೆರೆಸೋದು. ಹೈಡ್ರೋಪೋನಿಕ್ಸ್!"

ಅಂದಿನಿಂದ ಬೆಳಿಗ್ಗೆ ಎದ್ದವರೇ ಬಕೆಟ್ಟಿಗೆ ಮೀಟರ್ ಅದ್ದಿ, "ಅಯ್ಯೋ, ಹುಳಿ ಜಾಸ್ತಿಯಾಗಿದೆ!" ಎಂದು ಕೂಗುವರು. "ಇಪ್ಪತ್ತು ವರ್ಷ ನನ್ನ ಸಾರಿನ ಹುಳಿ ನೋಡದವರು!" ಎಂದು ಅಕ್ಕ ಗೊಣಗುವಳು. ಮತ್ತೊಂದು ದಿನ ಭೂತಗನ್ನಡಿ ಹಿಡಿದು ಪರೀಕ್ಷಿಸಿ, ಒಂದು ಗಿಡವನ್ನು ಕಿತ್ತು ತಂದರು. "ಇದು ಗಂಡು. ಗಂಡಿದ್ರೆ ಹೆಣ್ಣು ಗಿಡಗಳ ಹೂವೆಲ್ಲ ಬೀಜ ಕಟ್ಟಿ ಹಾಳಾಗುತ್ತೆ." ಅಕ್ಕನ ಮುಖ ಎಷ್ಟೋ ವಾರಗಳ ನಂತರ ಅರಳಿತು. "ಕೊನೆಗೂ ನಿಮಗೆ ಗೊತ್ತಾಯ್ತಲ್ಲ!"

ಆದರೆ ಹೂ ಬಿಡುವ ಹಂತ ಬಂತು ನೋಡಿ, ಮನೆಗೆ ಮಿಲಿಟರಿ ಆಡಳಿತ ಬಂತು! ಹೂ ಬಿಡಬೇಕಾದರೆ ಗಿಡಗಳಿಗೆ ದಿನಕ್ಕೆ ಅರ್ಧ ಹೊತ್ತು ಗಾಢ ಕತ್ತಲೆ ಬೇಕಂತೆ. ತಾವು ಆಫೀಸಿನಿಂದ ಬಂದಮೇಲೆ ದೀಪದಲ್ಲಿ ಅವುಗಳ ಮುಖ ನೋಡಬೇಕೆಂದು ಭಾವ ಹಗಲನ್ನೇ ಅವಕ್ಕೆ ರಾತ್ರಿ ಮಾಡಿದರು. ಹಗಲು ಬಾಗಿಲು ತೆರೆಯುವಂತಿಲ್ಲ. ನಮ್ಮೆಲ್ಲರ ಚಳಿಯ ಜಾಕೆಟ್ಟುಗಳು ಎಲ್ಲಿವೆ? ಆ ಕೋಣೆಯೊಳಗೆ! ಹಿಂದಿನ ರಾತ್ರಿಯೇ ತೆಗೆದಿಡಲು ಮರೆತು, ನವೆಂಬರಿನ ಮಳೆಯಲ್ಲಿ ನಾನು ಅಕ್ಕನ ಗುಲಾಬಿ ಶಾಲು ಹೊದ್ದು ಆಫೀಸಿಗೆ ಹೋದೆ. ನಮ್ಮ ಮ್ಯಾನೇಜರ್ ಅದನ್ನು ಹಬ್ಬದ ಉಡುಪೆಂದು ತಿಳಿದು ಶುಭಾಶಯ ಹೇಳಿದ.

ಹೂವಿನ ಜೊತೆ ವಾಸನೆಯೂ ಬಂತು. ಏನು ವಾಸನೆ ಅಂತೀರಿ! ಭಾವ ಫಿಲ್ಟರ್ ಹಾಕಿಸಿ ನೋಡಿದರು, ಸಾಂಬ್ರಾಣಿ ಹಾಕಿ ನೋಡಿದರು. ಸಾಂಬ್ರಾಣಿಗೆ ಹೊಗೆ ಅಲಾರಂ ಬಡಿದುಕೊಂಡಿತೇ ಹೊರತು ವಾಸನೆ ಅಲ್ಲಾಡಲಿಲ್ಲ. ಒಂದು ಭಾನುವಾರ ಅಕ್ಕನನ್ನು ನೋಡಲು ಬೆಲ್ವ್ಯೂದಿಂದ ಪರಿಚಯದ ದಂಪತಿ ಬಂದರು. ಆಕೆ ಮೂಗರಳಿಸಿ, "ಏನ್ರೀ ಅದು ವಾಸನೆ?" ಎಂದರು.

"ಹಲಸಿನ ಹಣ್ಣು," ಎಂದುಬಿಟ್ಟರು ಭಾವ.

"ಅಯ್ಯೋ, ಹಲಸು! ತಿಂದು ಎಷ್ಟು ವರ್ಷ ಆಯ್ತು!" ಎಂದು ಇಬ್ಬರೂ ಭದ್ರವಾಗಿ ಕೂತರು. ಭಾವ ಹಿಂದಿನ ಬಾಗಿಲಿನಿಂದ ನುಸುಳಿ, ಏಷ್ಯನ್ ಅಂಗಡಿಗೆ ಡ್ರೈವ್ ಮಾಡಿ, ಮಗುವಿನ ಗಾತ್ರದ ಹಲಸನ್ನು ತಬ್ಬಿಕೊಂಡು ಬರುವವರೆಗೆ ನಾನು ಅವರಿಗೆ ಹವಾಮಾನದ ಬಗ್ಗೆ ವಿವರಿಸುತ್ತಿದ್ದೆ. ಸಿಯಾಟಲ್ಲಿನ ಹವಾಮಾನದಲ್ಲಿ ವಿವರಿಸಲು ಏನಿದೆ, ನೀವೇ ಹೇಳಿ!

ಅಂತೂ ಹೂ ಬಲಿತವು, ಒಣಗಿದವು. ಡಾಕ್ಟರಮ್ಮನನ್ನು ಕೇಳಿಕೊಂಡು ಭಾವ ಅವುಗಳ ಸತ್ವವನ್ನು ತುಪ್ಪಕ್ಕೆ ಇಳಿಸಿದರು. ಸಾಸಿವೆಯಷ್ಟು ತುಪ್ಪವನ್ನು ಅಕ್ಕನ ನಾಲಿಗೆಗೆ ಮುಟ್ಟಿಸಿ, ಎದುರಿಗೆ ಮೊಣಕಾಲು ಹಿಡಿದು ಕೂತರು. ಮಧ್ಯಾಹ್ನ ಕಳೆಯಿತು.

"ರೀ, ಹೊಟ್ಟೆ ಹಸೀತಿದೆ," ಎಂದಳು ಅಕ್ಕ.

ಭಾವ ಅಡಿಗೆಮನೆಗೆ ಓಡಿದ ರಭಸಕ್ಕೆ ಕಾಲಿಗೆ ಸಿಕ್ಕ ಚಾಪೆಯೂ ಜೊತೆಗೆ ಹೋಯಿತು. ಉಪ್ಪಿಟ್ಟು ಗಂಟುಗಂಟಾಗಿತ್ತು. ಅಕ್ಕ ತಟ್ಟೆ ಪೂರ್ತಿ ತಿಂದಳು.

"ಉಪ್ಪೇ ಹಾಕಿಲ್ಲ ಕಣ್ರೀ."

"ಈಗ ಹಾಕ್ಲಾ?"

"ಇನ್ನೊಂಚೂರು ಉಪ್ಪಿಟ್ಟು ಹಾಕಿ."

ಆಮೇಲೆ ದಿನಗಳು ನಿಧಾನವಾಗಿ ಹಗುರಾದವು. ಎಲ್ಲ ದಿನವೂ ತುಪ್ಪ ಕೆಲಸ ಮಾಡಿತೆಂದು ಹೇಳಲಾರೆ. ಆದರೂ ಅಕ್ಕ ತಿಂದಳು, ನಿದ್ದೆ ಮಾಡಿದಳು, ಕೀಮೋ ಮುಗಿಸಿದಳು. ವಸಂತದಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಪರದೆಯನ್ನು ನಮ್ಮ ಕಡೆ ತಿರುಗಿಸಿ, ಈಗ ಎಲ್ಲೂ ಏನೂ ಕಾಣುತ್ತಿಲ್ಲ ಎಂದರು. ಭಾವ ಧನ್ಯವಾದ ಹೇಳಿದರು, ಪಾರ್ಕಿಂಗ್ ಎಲ್ಲಿ ಮಾಡಿದ್ದೆವೆಂದು ಸರಿಯಾಗಿ ನೆನಪಿಟ್ಟುಕೊಂಡು ನಡೆದರು, ಅಕ್ಕನಿಗೆ ಬಾಗಿಲು ತೆಗೆದರು, ತಾವೂ ಕೂತು ಬೆಲ್ಟ್ ಹಾಕಿಕೊಂಡರು.

ಆಮೇಲೆ ಸ್ಟಿಯರಿಂಗ್ ಮೇಲೆ ತಲೆ ಇಟ್ಟರು. ಹಾರ್ನ್ ಹೊಡೆದುಕೊಳ್ಳತೊಡಗಿತು. ಭಾವನ ಬೆನ್ನು ಅಲುಗುತ್ತಿತ್ತು, ತಲೆ ಮೇಲೇಳಲಿಲ್ಲ. ಪಾರ್ಕಿಂಗಿನಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ನಾನು ಹಿಂದಿನ ಸೀಟಿನಿಂದ ಕೈ ಚಾಚಿದೆ. ಅಕ್ಕ ಬೇಡವೆಂದು ತಲೆಯಾಡಿಸಿ, ಅವರ ಬೆನ್ನ ಮೇಲೆ ಕೈಯಿಟ್ಟು ಸವರುತ್ತಾ ಕೂತಳು.

"ಇರಲಿ ಬಿಡು," ಎಂದಳು. "ಕೂಗ್ಲಿ."