ಬಾಗಿಲಿಗೆ ಧರಣಿ ಕೂತ ಮಂಚ

ನಮ್ಮಪ್ಪ ಕಾರ್ಖಾನೆಯ ಗೇಟಿನಲ್ಲಿ ಟೈಮ್‌ಕೀಪರ್. ನಾನು ಅದೇ ಗೇಟಿನಲ್ಲಿ ಧರಣಿ ಕೂರುವವನು. ಅವನು ಸರಳಿನ ಒಳಗೆ, ನಾನು ಹೊರಗೆ. ನಾನು ಗಂಟಲು ಹರಿಯುವಂತೆ ಘೋಷಣೆ ಕೂಗುತ್ತಿದ್ದರೆ, ಅವನು ಗಡಿಯಾರ ನೋಡಿ ನನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಗೈರು’ ಎಂದು ಬರೆಯುತ್ತಿದ್ದ. (“ಕಣ್ಣೆದುರೇ ಇದೀನಲ್ಲಪ್ಪಾ!” ಎಂದರೆ, “ಗೇಟಿನ ಈಚೆ ಇದ್ರೆ ಹಾಜರು, ಆಚೆ ಇದ್ರೆ ಗೈರು” ಎನ್ನುತ್ತಿದ್ದ. ಆಮೇಲೆ ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಿಂದ ಉಣ್ಣುತ್ತಿದ್ದೆವು, ಅದು ಬೇರೆ ಮಾತು.)

ಇಂಥ ಅಪ್ಪ ಎಂಬತ್ತನಾಲ್ಕನೇ ವಯಸ್ಸಿನಲ್ಲಿ ಗೋಡೆ ಗಡಿಯಾರಕ್ಕೆ ಕೀ ಕೊಡಲು ಸ್ಟೂಲು ಹತ್ತಿ, ಬಿದ್ದು, ಸೊಂಟ ಮುರಿದುಕೊಂಡ. ಆಪರೇಷನ್ ಆಯಿತು. ಮೂರನೇ ವಾರ ಡಾಕ್ಟರ್ ಅಂದರು, “ಆರೈಕೆ ಕೇಂದ್ರಕ್ಕೆ ಸೇರಿಸಿಬಿಡಿ. ಮನೆಯಲ್ಲಿ ನಿಮ್ಮ ಕೈಲಿ ಆಗಲ್ಲ.”

ನಾನು ಹೋಗಿ ಕೇಂದ್ರ ನೋಡಿಕೊಂಡೂ ಬಂದೆ.

“ಹೆಂಗಿದೆಯೋ?” ಅಪ್ಪ ಕೇಳಿದ.

“ಚೊಕ್ಕಟವಾಗಿದೆ.”

“ಗೋಡೆ ಮೇಲೆ ಗಡಿಯಾರ ಇದೆಯಾ?”

ಇರಲಿಲ್ಲ. ಒಂದು ಕೋಣೆಯಲ್ಲೂ ಇರಲಿಲ್ಲ. ಕೈಗಡಿಯಾರವನ್ನೂ ಬಿಚ್ಚಿಸಿ ಆಫೀಸಿನಲ್ಲಿ ಇಟ್ಟುಕೊಳ್ಳುತ್ತಾರಂತೆ, ಕಳೆದುಹೋಗದಿರಲಿ ಎಂದು. ಅಪ್ಪ ಗೋಡೆ ಕಡೆ ಮುಖ ತಿರುಗಿಸಿದ. “ಎಷ್ಟು ಹೊತ್ತಾಯ್ತು ಅಂತ ಗೊತ್ತಾಗದೆ ಬಿದ್ದಿರೋಕೆ ನಾನೇನು ಸತ್ತಿದೀನೇನೋ?” ಎಂದ. ಜೀವಮಾನದಲ್ಲಿ ಅವನ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನನ್ನ ಮುಷ್ಟಿ ತಾನಾಗೇ ಮೇಲೆದ್ದಿತು. “ಅಪ್ಪ ಮನೆಗೇ ಬರ್ತಾನೆ!” ವಾರ್ಡಿನ ಅಷ್ಟೂ ರೋಗಿಗಳು ತಿರುಗಿ ನೋಡಿದರು. ಇಬ್ಬರು ಚಪ್ಪಾಳೆ ತಟ್ಟಿದರು. ಅಷ್ಟು ಸಾಕಾಯಿತು ನನಗೆ.

ಡಾಕ್ಟರ್ ಷರತ್ತು ಹಾಕಿದರು: ಶುಕ್ರವಾರ ನಾಲ್ಕಕ್ಕೆ ಸಿಸ್ಟರ್ ಮನೆಗೆ ಬರುತ್ತಾರೆ. ತಲೆ ಎತ್ತಿ ಇಳಿಸುವ ಕಬ್ಬಿಣದ ಮಂಚ, ಬಚ್ಚಲಲ್ಲಿ ಹಿಡಿಕೆ, ಎರಡೂ ಇರಬೇಕು. ಇದ್ದರೆ ಸಹಿ. ಇಲ್ಲದಿದ್ದರೆ ಅಪ್ಪನನ್ನು ತಂದ ಆಸ್ಪತ್ರೆ ವ್ಯಾನು ಹಾಗೇ ಕೇಂದ್ರಕ್ಕೆ ಹೋಗುತ್ತದೆ.

ಹಿಡಿಕೆ ಬಡಿದೆ. ಶುಕ್ರವಾರ ಮಧ್ಯಾಹ್ನ ಮಂಚ ಬಾಡಿಗೆಗೆ ತಂದು ಅಂಗಳದಲ್ಲಿ ಇಳಿಸಿದೆ. ಮೈಯಲ್ಲಿ ಇಪ್ಪತ್ತರ ರಕ್ತ ಕುದಿಯುತ್ತಿತ್ತು. ನನ್ನ ಹೆಂಡತಿ ಹೊಲಿಗೆಯವಳು, ಕೊರಳಲ್ಲಿ ಸದಾ ಟೇಪು. ಒಳಗಿನಿಂದಲೇ ಕೇಳಿದಳು, “ರೀ, ಅಳತೆ ತಗೊಂಡ್ರಾ?”

“ಅಳತೆ ತಗೊಂಡು ಕೂತಿದ್ರೆ ಈ ಜಗತ್ತಿನಲ್ಲಿ ಒಂದು ಚಳವಳಿನೂ ಆಗ್ತಿರಲಿಲ್ಲ ಕಣೇ!”

“ಜಗತ್ತಿಗೆ ಬಾಗಿಲಿಲ್ಲ. ನಮ್ಮನೆಗೆ ಇದೆ. ಮೂವತ್ತೆರಡು ಇಂಚು.”

ನಾನು ಕೇಳಿಸಿಕೊಳ್ಳಲಿಲ್ಲ. ಹಳೆಯ ಸಂಗಾತಿಗಳು ಐವರು ಬಂದಿದ್ದರು. ಒಟ್ಟು ವಯಸ್ಸು ಮುನ್ನೂರ ಐವತ್ತು, ಒಟ್ಟು ಹಲ್ಲು ಅರವತ್ತರ ಒಳಗೆ. ಮುಂದಾಳು ‘ಮೈಕ್’. (ಜನ್ಮದಲ್ಲಿ ಮೈಕ್ ಬಳಸಿದವನಲ್ಲ, ಅದಕ್ಕೇ ಆ ಹೆಸರು.) ಅವನು “ಮುಂದಕ್ಕೆ!” ಎಂದ, ನಾವು “ಹೋಗೋಣ!” ಎಂದು ನುಗ್ಗಿದೆವು. ಮಂಚ ಓರೆಯಾಗಿ ಅರ್ಧ ಹೊಕ್ಕು ಬಾಗಿಲಲ್ಲಿ ಕಚ್ಚಿಕೊಂಡಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ.

ಆಗ ನನಗೆ ಜ್ಞಾನೋದಯವಾಯಿತು. ನಲವತ್ತು ವರ್ಷ ನಾವು ಕಲಿತದ್ದೆಲ್ಲ ಬಾಗಿಲಿಗೆ ಅಡ್ಡ ಕೂರುವುದು. ಬಾಗಿಲು ದಾಟುವುದನ್ನು ನಮ್ಮಲ್ಲಿ ಒಬ್ಬನೂ ಕಲಿತಿರಲಿಲ್ಲ. ಸಂಗಾತಿಗಳಿಗೂ ಹಾಗೇ ಅನ್ನಿಸಿರಬೇಕು. ಅಭ್ಯಾಸಬಲದಿಂದ ಐವರೂ ಹೊಸ್ತಿಲ ಮುಂದೆ ಕುಂಡೆಯೂರಿ ಕೂತೇಬಿಟ್ಟರು.

“ನಾನು ಒಳಗೇ ಸಿಕ್ಕಿಹಾಕ್ಕೊಂಡಿದೀನಿ!” ಕಿಟಕಿಯಿಂದ ಹೆಂಡತಿಯ ಕೂಗು. “ನನ್ನ ಮನೇಲೇ ನನಗೆ ಘೇರಾವ್!”

ಅಷ್ಟರಲ್ಲಿ ವ್ಯಾನು ಬಂತು. ಡ್ರೈವರು ಗಾಲಿಕುರ್ಚಿ ಸಮೇತ ಅಪ್ಪನನ್ನು ಅಂಗಳಕ್ಕೆ ಇಳಿಸಿ, ಬಾಗಿಲು ನೋಡಿ, ಎಂಜಿನ್ ಆರಿಸದೆ ನಿಂತ. ನಾನು ಮಂಚದ ಕೆಳಗೆ ನುಸುಳಿ ಬೆನ್ನು ಕೊಟ್ಟು ಒಂದೇ ಸಲ ಎತ್ತಿದೆ. ‘ಕಟಕ್’ ಎಂದಿತು. ಮಂಚವಲ್ಲ, ನಾನು.

“ಮೂರು ಮೂವತ್ತೆಂಟು,” ಎಂದ ಅಪ್ಪ. “ಇನ್ನು ಇಪ್ಪತ್ತೆರಡು ನಿಮಿಷ ಇದೆ. ಏಳ್ರೋ ಎಲ್ಲಾ. ತಲೆ ಕಡೆ ನಾಲ್ಕು ಬೋಲ್ಟು, ಕಾಲು ಕಡೆ ನಾಲ್ಕು. ಬಿಚ್ಚಿ, ಮಗ್ಗುಲಾಗಿ ತಿರುಗಿಸಿ ಒಳಗೆ ತಳ್ಳಿ.”

ಮೈಕ್ ಎದೆಯುಬ್ಬಿಸಿದ. “ಆಡಳಿತವರ್ಗದ ಮಾತು ನಾವು ಕೇಳಿದವರಲ್ಲ!”

“ಕೇಳಬೇಡ, ಬಿಚ್ಚು. ಮೂರು ಮೂವತ್ತೊಂಬತ್ತು.”

ಹೆಂಡತಿ ಕಿಟಕಿಯಿಂದ ಹೊಲಿಗೆ ಮೆಷಿನ್ನಿನ ಸ್ಪ್ಯಾನರ್ ಎಸೆದಳು. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಒಂದು ಕಾಲದಲ್ಲಿ ಟೈಮ್‌ಕೀಪರನಿಗೆ ಧಿಕ್ಕಾರ ಕೂಗಿದ ಬಾಯಿಗಳೆಲ್ಲ “ಆಯ್ತು ಯಜಮಾನ್ರೇ, ಇದಾ? ಇದಾ ಯಜಮಾನ್ರೇ?” ಎನ್ನುತ್ತಿದ್ದವು. ಅಪ್ಪ ನಿಮಿಷ ಎಣಿಸುತ್ತಿದ್ದ, ಅವರು ಓಡುತ್ತಿದ್ದರು. ಮೂರು ಐವತ್ತೈದಕ್ಕೆ ಮಂಚ ಒಳಗೆ ಹೋಗಿ ಮತ್ತೆ ಮಂಚವಾಯಿತು. ಹೊಸ್ತಿಲಲ್ಲಿ ಉಳಿದದ್ದು ನಾನೊಬ್ಬ, ಎರಡು ಮಡಿಕೆಯಾಗಿ. ನನ್ನನ್ನೂ ಎತ್ತಿ ತಂದರು. ಇಳಿಸಲು ಬೇರೆ ಜಾಗ ಕಾಣದೆ ಅದೇ ಮಂಚದ ಮೇಲೆ ಹಾಕಿದರು.

ನಾಲ್ಕಕ್ಕೆ ಸಿಸ್ಟರ್ ಬಂದರು. ನನ್ನನ್ನು ನೋಡಿ, “ಪೇಷಂಟು ಇವರೇನಾ? ಎಂಬತ್ತನಾಲ್ಕಕ್ಕಿಂತ ಜಾಸ್ತಿ ಕಾಣ್ತಾರೆ” ಎಂದರು.

“ಪೇಷಂಟು ನಾನಮ್ಮಾ. ಇವನು ಧರಣಿ ಮಲಗಿದಾನೆ,” ಎಂದ ಅಪ್ಪ, ಗಾಲಿ ತಾನೇ ತಳ್ಳಿಕೊಂಡು ಬರುತ್ತಾ.

ಸಿಸ್ಟರ್ ಬಚ್ಚಲು ನೋಡಿದರು, ಹಿಡಿಕೆ ಜಗ್ಗಿದರು, ಸಹಿ ಹಾಕಿಯೇಬಿಟ್ಟರು. ವ್ಯಾನು ಖಾಲಿ ಹೋಯಿತು. ನಾನು ಮುಷ್ಟಿ ಎತ್ತಲು ಹೋದೆ, ಬೆನ್ನು ಬಿಡಲಿಲ್ಲ. ಸಿಸ್ಟರ್ ಬೆನ್ನು ಒತ್ತಿ ನೋಡಿದರು. ನನ್ನ ಬಾಯಿಂದ ಮೈಕಿಗಿಂತ ದೊಡ್ಡ ಘೋಷಣೆ ಹೊರಟಿತು.

“ಒಂದು ತಿಂಗಳು ಅಲ್ಲಾಡೋ ಹಾಗಿಲ್ಲ. ಚಾಪೆ ಹಾಸಿ ನೆಲದ ಮೇಲೆ ಮಲಗಿಸಿ. ನೋಡ್ಕೊಳ್ಳೋಕೆ ಯಾರಿದಾರೆ?”

“ಒಬ್ಬರಿಗೆ ಅಂತ ಒಪ್ಪಿದ್ದೆ,” ಎಂದಳು ಹೆಂಡತಿ. “ಆ ಕೇಂದ್ರದಲ್ಲಿ ಒಂದು ಹಾಸಿಗೆ ಖಾಲಿ ಉಳೀತಲ್ವಾ ಸಿಸ್ಟರ್? ಇವರನ್ನ ಕಳಿಸೋಣ ಅನ್ನೋರು ಕೈ ಎತ್ತಿ.”

ಐವರಿಂದ ಆರು ಕೈ ಮೇಲೆದ್ದವು. ಮೈಕಂತೂ ಎರಡೂ ಎತ್ತಿದ್ದ, ದ್ರೋಹಿ.

ಅಪ್ಪ ಗೋಡೆಯ ಗಡಿಯಾರ ನೋಡಿದ. ಅಷ್ಟರಲ್ಲಿ ಕೆಳಗೆ ಚಾಪೆಗೆ ಇಳಿಸಿದ್ದ ನನ್ನನ್ನು ನೋಡಿದ.

“ಬೇಡ ಕಣಮ್ಮಾ. ಇವನು ಮನೇಲೇ ಇರ್ಲಿ. ಅಲ್ಲಿ ಗಡಿಯಾರ ಇಲ್ಲ.”

ಏನಾದರೂ ಹೇಳೋಣ ಎನ್ನುವಷ್ಟರಲ್ಲಿ ಅವನು ಜೇಬಿನಿಂದ ಪುಟ್ಟ ಪುಸ್ತಕ, ಪೆನ್ನು ತೆಗೆದ.

“ಬಾಗಿಲಿನ ಈಚೆ. ಹಾಜರು,” ಎಂದು ಬರೆದುಕೊಂಡ. “ನಲವತ್ತು ವರ್ಷಕ್ಕೆ ಇವತ್ತು ಸಿಕ್ಕಿದೀಯ ಮಗನೇ. ಬೆಳಿಗ್ಗೆ ಆರಕ್ಕೆ ಎಬ್ಬಿಸ್ತೀನಿ.”